ಬಾಗಿಲಿಗೊಂದು ಹೊಳೆಗಲ್ಲು

ಒಂದಾನೊಂದು ಕಾಲದಲ್ಲಿ ಈಜು ಬಾರದ ಈಜು ಮಾಸ್ತರೊಬ್ಬರಿದ್ದರು. ಒಂದಾನೊಂದು ಕಾಲ ಎಂದ ತಕ್ಷಣ ಏಳು ಸಮುದ್ರದಾಚೆಯ ರಾಜ್ಯಕ್ಕೆ ಹೊರಟುಬಿಡಬೇಡಿ. ಅಷ್ಟು ದೂರದ ಮಾತೇನಲ್ಲ. ಕಳೆದ ವಾರವೂ ಇದ್ದರು, ತಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತಾ.

ಅಜ್ಜಿ ಕತೆಗಳಲ್ಲಿ ರಾಜಕುಮಾರನ ಕಷ್ಟಕ್ಕೆಲ್ಲ ರಾಕ್ಷಸನೋ, ಮಾತಾಡುವ ಗಿಣಿಯೋ ಕಾರಣವಾಗಿರುತ್ತದೆ. ಮಾಸ್ತರ ಕಷ್ಟಕ್ಕೆ ಕಾರಣ ಅವರ ಅಡುಗೆಮನೆಯ ಬಾಗಿಲು. ಒಂಚೂರು ಗಾಳಿ ಬೀಸಿದರೂ ಸಾಕು, ಮುನಿಸಿಕೊಂಡ ಸೊಸೆಯ ಹಾಗೆ ಧಡಾರ್ ಎಂದು ಬಡಿದುಕೊಳ್ಳುತ್ತಿತ್ತು. ಅದರ ಸಂದಿಗೆ ಕಾಗದ ಮಡಿಸಿ ತುರುಕಿದ್ದಾಯಿತು, ಹಳೆ ಚಪ್ಪಲಿ ಒತ್ತಿಟ್ಟಿದ್ದಾಯಿತು. ಇಸ್ತ್ರಿಪೆಟ್ಟಿಗೆ ಇಟ್ಟು, ಅದನ್ನೇ ಎಡವಿ ಮಾಸ್ತರು ಹೆಬ್ಬೆರಳಿನ ಉಗುರು ಕಿತ್ತುಕೊಂಡಿದ್ದೂ ಆಯಿತು.

ಆ ದಿನ ಬೀದಿಯ ದರ್ಜಿ ಮಾಸ್ತರ ಈಜುಟೋಪಿಗೆ ಹೊಸ ಎಲಾಸ್ಟಿಕ್ ಹಾಕಿ ತಂದುಕೊಟ್ಟ. ಕೊಟ್ಟು ಹೋಗುವ ಜಾತಿಯಲ್ಲ ಅವನು. ಬಾಗಿಲಿಗೆ ಬಂದ ಮಾಸ್ತರ ಹೆಂಡತಿಯ ಮುಂದೆ ಟೋಪಿಯನ್ನು ಬೆರಳ ತುದಿಯಲ್ಲಿ ತಿರುಗಿಸುತ್ತಾ ನಿಂತ.

"ಅಕ್ಕಾ, ತಪ್ಪು ತಿಳ್ಕೋಬೇಡಿ. ಈ ಟೋಪಿ ಹೊಲಿದುಕೊಟ್ಟು ಎಷ್ಟು ಕಾಲ ಆಯ್ತು ಹೇಳಿ? ಒಂದು ಚೂರೂ ಬಣ್ಣ ಹೋಗಿಲ್ಲ. ನೀರೇ ಕಂಡಿಲ್ಲವೇನೋ ಅನ್ನೋ ಹಾಗಿದೆ!"

ಮಾಸ್ತರು ಕಾಫಿ ಲೋಟದೊಳಗೆ ಮುಖ ಅಡಗಿಸಿದರು. ಹೆಂಡತಿ ಮಾತ್ರ ಟೋಪಿಯನ್ನು ಕಸಿದುಕೊಂಡು, "ದೊಡ್ಡ ಈಜುಗಾರರು ತಲೆ ನೆನೆಸಲ್ಲ ಕಣಪ್ಪಾ, ನಿನ್ನ ಹಾಗಾ?" ಎಂದವಳು ಬೀದಿಗೆಲ್ಲ ಕೇಳುವಂತೆ ಗಂಡನ ಕಡೆ ತಿರುಗಿದಳು. "ಏನೂಂದ್ರೆ, ಎಷ್ಟು ದಿನದಿಂದ ಹೇಳ್ತಿದೀನಿ. ಹೊಳೆಗೆ ಹೋಗಿ ಈ ಬಾಗಿಲಿಗೆ ಒಂದು ಗುಂಡುಕಲ್ಲು ತಂದುಕೊಡಿ. ದಡದ ಕಲ್ಲು ಬೇಡ, ಒರಟು, ನೆಲ ಗೀಚುತ್ತೆ. ನೀರಿನ ತಳದ್ದು, ನುಣ್ಣಗಿರೋದು, ಮುಳುಗಿ ತನ್ನಿ."

"ಹ್ಞೂ, ತರ್ತೀನಿ," ಎಂದರು ಮಾಸ್ತರು. ಮದುವೆಯಾದ ಗಂಡಸರು ದಿನಕ್ಕೊಂದು ಸಲ ಹೇಳುವ ಮಾತು ಅದು. ಅದಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ. ಆದರೆ ದರ್ಜಿ ಕಟ್ಟಿದ.

"ಹೊಳೆಗಾ? ಆ ತಿಳಿನೀರಿನ ಮಡುವಿಗಾ? ದೇಶದೇಶದಿಂದ ಜನ ನೋಡೋಕೆ ಬರ್ತಾರಂತಲ್ಲ! ಮಾಸ್ತರೇ, ನಮ್ಮ ಬೆಳಗಿನ ತರಗತಿಯವರೆಲ್ಲ ಬರ್ತೀವಿ. ನೀವು ಮುಳುಗಿ ಕಲ್ಲು ತೆಗೆಯೋದನ್ನ ನಾವು ನೋಡದೆ ಇನ್ಯಾರು ನೋಡಬೇಕು?"

ಸಂಜೆಯೊಳಗೆ ಸುದ್ದಿ ಬೀದಿಯ ಎರಡೂ ತುದಿ ಮುಟ್ಟಿತು. ಈಜುಕೊಳದ ಮಾಲೀಕರು ತಮ್ಮ ವ್ಯಾನನ್ನೇ ಕೊಡುವುದಾಗಿ ಹೇಳಿಕಳಿಸಿದರು. ಹೇಳಿಕಳಿಸಿದ್ದರಲ್ಲಿ ಒಂದು ಬಾಲವೂ ಇತ್ತು: "ನಾನೂ ಬರ್ತೀನಿ. ಮಾಸ್ತರು ಈಜೋದನ್ನ ಇಷ್ಟು ವರ್ಷ ಕಣ್ತುಂಬ ನೋಡೇ ಇಲ್ಲ. ಆಚೆ ಬಡಾವಣೆಯ ಕೊಳದವರು ಪದಕ ಗೆದ್ದವನನ್ನ ತಂದು ಇಟ್ಟುಕೊಂಡಿದ್ದಾರೆ. ನಮ್ಮವರು ಹೇಗೆ ಅಂತ ನೋಡಿ, ಮುಂದಿನದು ಯೋಚನೆ ಮಾಡೋಣ."

ಮುಂದಿನದು ಎಂದರೆ ಏನೆಂದು ಮಾಸ್ತರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕುತ್ತಿಗೆಯಲ್ಲಿ ನೇತಾಡುವ ಸೀಟಿಯನ್ನು ಅವರು ಮುಟ್ಟಿ ನೋಡಿಕೊಂಡರು.

ಆ ಸೀಟಿಯೇ ಅವರ ಹೆಸರು, ಅದೇ ಅವರ ಹೊಟ್ಟೆಪಾಡು. ಊರೆಲ್ಲ ಅವರನ್ನು ಸೀಟಿ ಮಾಸ್ತರು ಎಂದೇ ಕರೆಯುತ್ತಿತ್ತು. ಮೊದಲಿಗೆ ಅವರನ್ನು ಕೆಲಸಕ್ಕಿಟ್ಟುಕೊಂಡದ್ದು ಕೊಳದ ಅಂಚಿನಲ್ಲಿ ಓಡುವವರನ್ನು ಸೀಟಿ ಊದಿ ತಡೆಯುವುದಕ್ಕೆ. ಒಂದು ದಿನ ಈಜು ಕಲಿಸುತ್ತಿದ್ದವನು ಹೇಳದೆ ಕೇಳದೆ ಕೆಲಸ ಬಿಟ್ಟ. ಮರುದಿನ ಬಂದವರು ಸೀಟಿ ಇದ್ದವರನ್ನೇ ಕೇಳಿದರು: "ಕಾಲು ಹೇಗೆ ಬಡೀಬೇಕು ಸರ್?" "ಜೋರಾಗಿ," ಎಂದರು ಇವರು. ಅಷ್ಟೇ, ಮಾಸ್ತರಾಗಿಬಿಟ್ಟರು.

ಒಮ್ಮೊಮ್ಮೆ ತಾವೂ ನೀರಿಗಿಳಿದು ತೋರಿಸಬೇಕಾಗುತ್ತಿತ್ತು. ಅದಕ್ಕೂ ದೇವರು ದಾರಿ ತೋರಿಸಿದ್ದ. ಕೊಳ ಈ ತುದಿಯಿಂದ ಆ ತುದಿಯವರೆಗೆ ಎದೆಮಟ್ಟ. ನೀರು, ಔಷಧಿಪುಡಿ ಬಿದ್ದೂ ಬಿದ್ದೂ, ಅಕ್ಕಿ ತೊಳೆದ ನೀರಿನ ಬಣ್ಣ. ಮಾಸ್ತರು ಮೊಣಕಾಲು ಮಡಿಸಿ, ಗದ್ದದವರೆಗೆ ಮುಳುಗಿ, ಎರಡೂ ಕೈಗಳನ್ನು ಗಾಣದ ಹಾಗೆ ತಿರುಗಿಸುತ್ತಾ ತಳದಲ್ಲಿ ಸುಮ್ಮನೆ ನಡೆದುಕೊಂಡು ಹೋಗುತ್ತಿದ್ದರು. ಮೇಲೆ ನೋಡಿದವರಿಗೆ ಈಜು, ಕೆಳಗೆ ಬರೀ ವಾಕಿಂಗು. ಇಷ್ಟು ವರ್ಷ ಅವರ ಕಾಲನ್ನು ಯಾರೂ ಕಂಡಿರಲಿಲ್ಲ. ಆ ಬಿಳಿನೀರಿನಲ್ಲಿ ತಮ್ಮ ಕಾಲನ್ನು ತಾವೇ ಕಂಡಿರಲಿಲ್ಲ! ಕೆಳಗೆ ಏನಿದೆಯೋ, ತಮ್ಮ ಪಾದ ಅಲ್ಲಿ ಹೇಗೆ ಕಾಣುತ್ತದೋ ಎಂದು ಒಂದೊಂದು ಮಧ್ಯಾಹ್ನ, ಕೊಳ ಖಾಲಿ ಇದ್ದಾಗ, ಬಗ್ಗಿ ಬಗ್ಗಿ ನೋಡುತ್ತಿದ್ದರು. ಏನೂ ಕಾಣುತ್ತಿರಲಿಲ್ಲ. ತಲೆ ಮುಳುಗಿಸಿ ನೋಡುವಷ್ಟು ಧೈರ್ಯ ಮಾತ್ರ ಬಂದಿರಲಿಲ್ಲ.

ಭಾನುವಾರ ಬಂದೇಬಿಟ್ಟಿತು. ವ್ಯಾನಿನಲ್ಲಿ ಮಾಲೀಕರು, ದರ್ಜಿ, ಹಲ್ಲಿನ ಡಾಕ್ಟರಮ್ಮ, ಇನ್ನೂ ನಾಲ್ಕಾರು ಮಂದಿ. ಎಲ್ಲರಿಗಿಂತ ಮುಂದಿನ ಸೀಟಿನಲ್ಲಿ ತರಗತಿಯ ಹೆಮ್ಮೆಯಾದ ಅಜ್ಜಿ. ಮೊಮ್ಮಕ್ಕಳ ಹಟಕ್ಕೆ ಈಜು ಕಲಿಯಲು ಸೇರಿದ ಅಜ್ಜಿ ಈಗ ಕೊಳವನ್ನು ಈ ತುದಿಯಿಂದ ಆ ತುದಿಗೆ ದೋಣಿಯ ಹಾಗೆ ದಾಟುತ್ತಿದ್ದರು. ಅವರನ್ನು ನೋಡಿದಾಗಲೆಲ್ಲ ಮಾಸ್ತರಿಗೆ ಹೆಮ್ಮೆ, ಜೊತೆಗೊಂದಿಷ್ಟು ಹೊಟ್ಟೆಕಿಚ್ಚು. ತನಗೆ ಬಾರದ್ದನ್ನು ತಾನೇ ಕಲಿಸಿದ್ದು ಹೇಗೆ ಎಂಬುದು ಅವರಿಗೆ ಕೊನೆಗೂ ಬಿಡಿಸಲಾಗದ ಒಗಟು.

ದಾರಿಯುದ್ದಕ್ಕೂ ಮಾಸ್ತರು ಒಂದೇ ಬೇಡಿಕೊಂಡರು: ಹೊಳೆಯ ನೀರು ಕದಡಿರಲಿ. ಎಮ್ಮೆಗಳು ಇಳಿದಿರಲಿ. ಮೇಲೆಲ್ಲೋ ಮಳೆ ಬಂದು ಕೆಂಪಾಗಿರಲಿ.

ಬಂಡೆಗಳ ನಡುವಿನ ಕಾಲುದಾರಿ ಇಳಿದು, ಮರಗಳ ನೆರಳು ದಾಟಿ ಎಲ್ಲರೂ ದಡದಲ್ಲಿ ನಿಂತರು.

ನೀರು ಇದೆಯೋ ಇಲ್ಲವೋ ಎಂದು ಅನುಮಾನ ಬರುವಷ್ಟು ತಿಳಿಯಾಗಿತ್ತು. ಎರಡು ಬಂಡೆಗಳ ನಡುವೆ ಯಾರೋ ಆಕಾಶದ ಒಂದು ತುಂಡನ್ನು ಕಾಯಿಸಿ ಹೊಯ್ದು ಆರಲು ಬಿಟ್ಟಂತಿತ್ತು. ತಳದ ಬೆಣಚುಕಲ್ಲುಗಳು ಕೈ ಹಾಕಿದರೆ ಸಿಗುವಷ್ಟು ಹತ್ತಿರ ಕಾಣುತ್ತಿದ್ದವು. ಮೀನುಗಳು ದಾರವಿಲ್ಲದೆ ಗಾಳಿಯಲ್ಲಿ ತೂಗುಬಿದ್ದಂತೆ ನಿಂತಿದ್ದವು. ಒಂದೊಂದು ಮೀನಿಗೂ ಕೆಳಗೆ ಅದರದೇ ನೆರಳು. ಒಂದು ಒಣ ಎಲೆ ನೀರಿನ ಮೇಲೆ ತೇಲಿ ಹೋದರೆ, ಅದರ ನೆರಳು ತಳದ ಕಲ್ಲುಗಳನ್ನು ಹತ್ತಿ ಇಳಿದು ಹಿಂಬಾಲಿಸುತ್ತಿತ್ತು. ಆಚೆ ದಡದಲ್ಲಿ ಬೇರೆ ಊರಿನ ಪ್ರವಾಸಿಗಳು ಕ್ಯಾಮೆರಾ ಹಿಡಿದು ಬಾಯಿ ತೆರೆದು ಕೂತಿದ್ದರು.

"ಅಯ್ಯೋ, ಎಷ್ಟು ಚೆನ್ನಾಗಿದೆ!" ಎಂದರು ಡಾಕ್ಟರಮ್ಮ. "ಒಂದೊಂದು ಕಲ್ಲೂ ಹಲ್ಲಿನ ಹಾಗೆ ಕಾಣ್ತಿದೆ."

"ಎಲ್ಲಾ ಕಾಣುತ್ತೆ," ಎಂದ ದರ್ಜಿ. ಅವನ ದನಿ ಯಾಕೋ ಸಣ್ಣದಾಗಿತ್ತು. "ಇಳಿದವರ ಕಾಲೂ ಕಾಣುತ್ತೆ."

ಮಾಸ್ತರು ಅವನ ಕಡೆ ತಿರುಗಿ ನೋಡಿದರು. ಇವನಿಗೆ ಗೊತ್ತಾಗಿದೆ! ಇವತ್ತು ಎಲ್ಲರೂ ಸೇರಿ ಪರೀಕ್ಷೆ ಮಾಡಲೆಂದೇ ಕರೆತಂದಿದ್ದಾರೆ.

"ಹ್ಞಾ, ಇಳೀರಿ ಇಳೀರಿ," ಎಂದರು ಅವರು, ಸೀಟಿ ಒಮ್ಮೆ ಊದಿ. "ಶಿಷ್ಯರು ಮೊದಲು. ನಾನು ಮೇಲಿಂದ ನೋಡ್ಕೋತೀನಿ."

"ಛೆ ಛೆ, ಗುರುಗಳಿಗಿಂತ ಮುಂಚೆ ಇಳಿಯೋದುಂಟಾ?" ಎಂದ ದರ್ಜಿ. "ನೀವು ಮೊದಲು."

"ಅಜ್ಜಿ ಹಿರಿಯರು. ಅಜ್ಜಿ ಮೊದಲು."

"ನಂಗೆ ಈಗ ತಾನೇ ಹೊಟ್ಟೆ ತುಂಬಿದೆಯಪ್ಪಾ," ಎಂದರು ಅಜ್ಜಿ. ದಾರಿಯಲ್ಲಿ ಅವರು ಅರ್ಧ ಬಾಳೆಹಣ್ಣು ತಿಂದಿದ್ದರು. "ಡಾಕ್ಟರಮ್ಮ ಇಳೀಲಿ, ಎಳೇ ಜೀವ."

"ನಂಗೆ ಬೆಳಿಗ್ಗೆಯಿಂದ ಕಿವಿ ನೋವು ಅಜ್ಜೀ."

"ನೀನು ಹಲ್ಲಿನ ಡಾಕ್ಟರಲ್ವೇನೇ?"

"ಅದಕ್ಕೇ ಕಿವಿ ವಿಷಯದಲ್ಲಿ ಧೈರ್ಯ ಸಾಲಲ್ಲ."

ದರ್ಜಿ ತನ್ನ ಈಜುಚಡ್ಡಿಯ ಹೊಲಿಗೆ ಬಿಟ್ಟಿದೆಯೆಂದ. ಅವನೇ ಹೊಲಿದುಕೊಂಡದ್ದಲ್ಲವೇ ಎಂದು ಯಾರೋ ಕೇಳಿದರೆ, "ದರ್ಜಿ ಮನೆ ಬಟ್ಟೆ ಯಾವತ್ತೂ ಹರಿದೇ ಇರುತ್ತೆ," ಎಂದು ಬಾಯಿ ಮುಚ್ಚಿಸಿದ. ಉಳಿದವರು ನೀರು ತಣ್ಣಗಿದೆಯೆಂದು ಹೇಳಲು ಒಬ್ಬರಾದ ಮೇಲೊಬ್ಬರು ಒಂದೊಂದು ಬೆರಳನ್ನು ಅದ್ದಿ ತೆಗೆದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರೆ; ಇಲ್ಲಿ ನೀರಿಗೆಳೆಯುವ ಕೋಣವೊಂದೂ ಇರಲಿಲ್ಲ, ಎಲ್ಲವೂ ಏರಿಗೇ.

ಮಾಸ್ತರು ಹೊತ್ತು ಕಳೆಯಲು ದಡದಲ್ಲೇ ವ್ಯಾಯಾಮ ಮಾಡಿಸಿದರು. ಕೈ ಮೇಲೆ, ಕೈ ಕೆಳಗೆ. ಎಂದೂ ಇಲ್ಲದ ಶ್ರದ್ಧೆಯಿಂದ ಎಲ್ಲರೂ ಮಾಡಿದರು. ಮುಗಿಸಿ, "ಇನ್ನೊಂದು ಸಲ ಮಾಡೋಣ ಮಾಸ್ತರೇ," ಎಂದು ತಾವೇ ಕೇಳಿದರು. ಆಚೆ ದಡದ ಪ್ರವಾಸಿಗಳು, ಏನೋ ದೊಡ್ಡ ಪ್ರದರ್ಶನ ನಡೆಯಲಿದೆಯೆಂದು ಕ್ಯಾಮೆರಾ ಇತ್ತ ತಿರುಗಿಸಿ ಕೂತರು.

"ಮಾಸ್ತರೇ," ಎಂದರು ಮಾಲೀಕರು, ಬಂಡೆಯ ಮೇಲೆ ಛತ್ರಿ ಬಿಡಿಸಿಕೊಂಡು. "ಬಿಸಿಲೇರ್ತಾ ಇದೆ. ಈಜೋದು ಯಾವಾಗ?"

"ಆಳ ನೋಡಬೇಕು ಸಾರ್. ಆಳ ತಿಳೀದೆ ಇಳಿಯೋದು ಶಾಸ್ತ್ರ ಅಲ್ಲ."

"ಆಳ ಏನು ಮಹಾ? ಮೊಣಕಾಲುದ್ದ ಕಾಣ್ತಿದೆ!" ಎಂದ ದರ್ಜಿ. ಅವನ ಮುಖದಲ್ಲಿ ಥಟ್ಟನೆ ಒಂದು ಆಸೆ ಹುಟ್ಟಿತು. ಕುತ್ತಿಗೆಯ ಅಳತೆ ಟೇಪನ್ನು ಎಳೆದ. ಅದಿಲ್ಲದೆ ಅವನು ಸ್ನಾನಕ್ಕೂ ಹೋಗುವವನಲ್ಲ. "ಅಳೆದೇ ತೋರಿಸ್ತೀನಿ. ತುದಿಗೆ ಕಟ್ಟೋಕೆ ಏನಾದ್ರೂ ಭಾರ ಕೊಡಿ."

ಮಾಲೀಕರು ಅಸಹನೆಯಿಂದ ಜೇಬಿಗೆ ಕೈಹಾಕಿ, ಸಿಕ್ಕಿದ್ದನ್ನು ಕೊಟ್ಟರು. ದರ್ಜಿ ಬಂಡೆಯ ಅಂಚಿಗೆ ಮೊಣಕಾಲೂರಿ ಟೇಪು ಇಳಿಬಿಟ್ಟ. ಇಳಿಯಿತು. ಇನ್ನೂ ಇಳಿಯಿತು. ದರ್ಜಿಯ ಕೈ ಹೆಗಲವರೆಗೆ ನೀರಿಗೆ ಹೋಯಿತು. ತುದಿಯ ಭಾರ ಮಾತ್ರ ನಡುನೀರಿನಲ್ಲಿ ಗಡಿಯಾರದ ಲೋಲಕದ ಹಾಗೆ ತೂಗಾಡುತ್ತಿತ್ತು.

"ಟೇಪು ಮುಗೀತು," ಎಂದ ದರ್ಜಿ. "ಹೊಳೆ ಮುಗೀಲಿಲ್ಲ."

ಎಲ್ಲರೂ ಒಂದೇ ಉಸಿರಿಗೆ ಬಂಡೆಯಿಂದ ಹಿಂದೆ ಸರಿದರು. ದರ್ಜಿಯೂ ಗಾಬರಿಯಿಂದ ಟೇಪು ಜಗ್ಗಿದ. ಗಂಟು ಸಡಿಲಾಯಿತು. ತುದಿಯಲ್ಲಿದ್ದದ್ದು ಮಿನುಗುತ್ತಾ, ತಿರುಗುತ್ತಾ, ಮೀನುಗಳಿಗೆ ದಾರಿ ಕೇಳಿಕೊಂಡು ಹೋದಂತೆ ಸಾವಕಾಶವಾಗಿ ಇಳಿದು ತಳದ ಕಲ್ಲುಗಳ ನಡುವೆ ಮಲಗಿತು.

"ಅದೇನು ಕಟ್ಟಿದ್ದು?" ಎಂದರು ಅಜ್ಜಿ.

ಮಾಲೀಕರು ತಮ್ಮ ಜೇಬು ತಡವಿದರು. ಇನ್ನೊಂದು ಜೇಬು ತಡವಿದರು. ಅವರ ಮುಖ ಕೊಳದ ನೀರಿನ ಬಣ್ಣಕ್ಕೆ ತಿರುಗಿತು.

"ವ್ಯಾನಿನ ಕೀ!"

ಅಲ್ಲೇ ಇತ್ತು ಅದು. ಗಾಜಿನ ಪೆಟ್ಟಿಗೆಯಲ್ಲಿ ಮಾರಾಟಕ್ಕಿಟ್ಟ ಒಡವೆಯ ಹಾಗೆ ಥಳಥಳ ಹೊಳೆಯುತ್ತಿತ್ತು. ಎಲ್ಲರ ಕಣ್ಣೂ ಮೊದಲು ಕೀಯ ಮೇಲೆ, ಆಮೇಲೆ ಮಾಸ್ತರ ಮೇಲೆ ಬಿದ್ದವು.

"ಸದ್ಯ, ಮಾಸ್ತರಿದ್ದಾರೆ," ಎಂದರು ಡಾಕ್ಟರಮ್ಮ. "ಹೇಗೂ ಅಮ್ಮಾವ್ರಿಗೆ ಕಲ್ಲು ತರೋಕೆ ಮುಳುಗೋರೇ ಅಲ್ವಾ? ಬರ್ತಾ ಕೀನೂ ತಂದುಬಿಡಿ."

"ಸಂತೆಗೆ ಹೋದವನಿಗೆ ಉಪ್ಪೂ ತಾ ಅಂದ ಹಾಗೆ," ಎಂದ ದರ್ಜಿ, ಮಾಸ್ತರ ಕಣ್ಣು ತಪ್ಪಿಸಿ.

ಮಾಸ್ತರು ಬಂಡೆಯ ತುದಿಗೆ ಬಂದು ನಿಂತರು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಸೀಟಿ ಹೋದರೆ ಹೋಗಲಿ, ಪ್ರಾಣ ಉಳಿದರೆ ಸಾಕು. ಹೇಳಿಬಿಡೋಣ ಎಂದು ಅವರು ಎಲ್ಲರ ಕಡೆ ತಿರುಗಿ ಕೈ ಜೋಡಿಸಿದರು.

"ಮಹನೀಯರೇ, ಒಂದು ವಿಷಯ. ನನಗೆ..."

"ಏನೂ ಹೇಳಬೇಡ ಕಣಪ್ಪಾ," ಎಂದರು ಅಜ್ಜಿ, ಕಣ್ಣು ಒರೆಸಿಕೊಳ್ಳುತ್ತಾ ಮುಂದೆ ಬಂದು. "ನಮ್ಮೆಲ್ಲರ ಮಾನ ನಿನ್ನ ಕೈಲಿದೆ. ಹೋಗಿ ಬಾ." ಮತ್ತು ಹರಸುತ್ತಾ ಅವರ ಹೆಗಲ ಮೇಲೊಂದು ಏಟು ಕೊಟ್ಟರು. ಕೊಳದಲ್ಲಿ ನೀರು ಬಡಿದು ಬಡಿದು ಗಟ್ಟಿಯಾದ ಕೈ ಅದು. ಮಾಸ್ತರು ಸೀಟಿಯನ್ನು ಹಲ್ಲಿನಲ್ಲಿ ಕಚ್ಚುವಷ್ಟರಲ್ಲಿ ಬಂಡೆ ಮುಗಿದುಹೋಗಿತ್ತು.

ಗುಳುಂ!

ಮೊದಲು ಬರೀ ಗುಳ್ಳೆ. ಬುಳುಬುಳು ಎಂದು ಲೋಕವೆಲ್ಲ ಗುಳ್ಳೆ. ಆಮೇಲೆ ಸದ್ದು ನಿಂತಿತು. ಅಷ್ಟು ನಿಶ್ಶಬ್ದವನ್ನು ಮಾಸ್ತರು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಸತ್ತೇನೋ ಎಂದುಕೊಂಡು ಒಂದು ಕಣ್ಣು ತೆರೆದರು. ಇಲ್ಲ. ಇನ್ನೊಂದನ್ನೂ ತೆರೆದರು.

ಕೆಳಗೆ ಎರಡು ಬಿಳಿ ಪಾದಗಳಿದ್ದವು. ಯಾರವು ಎಂದು ಒಂದು ಗಳಿಗೆ ಬೆರಗಾದರು. ಹೆಬ್ಬೆರಳಿನ ಉಗುರು ಇಲ್ಲದ್ದು ನೋಡಿ ಗುರುತು ಸಿಕ್ಕಿತು: ತಮ್ಮವೇ! ಇಷ್ಟು ವರ್ಷ ನೀರಿನಲ್ಲಿ ದುಡಿದ ಆ ಬಡಪಾಯಿ ಪಾದಗಳನ್ನು ಅವರು ಅಲ್ಲಿ ಕಂಡದ್ದು ಅದೇ ಮೊದಲು. ಬೆರಳುಗಳ ಸುತ್ತ ಪುಟ್ಟ ಮೀನುಗಳು ಹೊಸ ನೆಂಟರನ್ನು ವಿಚಾರಿಸಿಕೊಳ್ಳಲು ಬಂದಂತೆ ನೆರೆದವು. ಮೇಲಿನಿಂದ ಬಿದ್ದ ಬೆಳಕು ಕಲ್ಲುಗಳ ಮೇಲೆ ಬಲೆಯಂತೆ ಅಲುಗುತ್ತಿತ್ತು. ಅಜ್ಜಿಯರು ಹೇಳುವ ಪಾತಾಳಲೋಕ ಇಷ್ಟು ಹತ್ತಿರ, ಒಂದು ಏಟಿನ ದೂರದಲ್ಲಿ ಇದೆಯೆಂದು ಯಾರಿಗೆ ಗೊತ್ತಿತ್ತು?

ನೋಡುತ್ತಿದ್ದಂತೆ ಪಾದಗಳು ನೆಲ ಬಿಟ್ಟವು. ಚಡ್ಡಿಯೊಳಗೆ ಗಾಳಿ ತುಂಬಿ, ಸೊಂಟ ಮೇಲಕ್ಕೂ ತಲೆ ಕೆಳಕ್ಕೂ ಹೊರಳತೊಡಗಿದವು. ಮಾಸ್ತರಿಗೆ ಜೀವ ಹೋದಂತಾಯಿತು. ನೆಲ ಬಿಟ್ಟು ಅವರಿಗೆ ಅಭ್ಯಾಸವಿಲ್ಲ. ಕೈಗೆ ಸಿಕ್ಕ ಒಂದು ಗುಂಡುಕಲ್ಲನ್ನು ಅವಚಿಕೊಂಡರು. ಕಲ್ಲಿನ ಭಾರಕ್ಕೆ ಕಾಲು ಮತ್ತೆ ನೆಲ ಮುಟ್ಟಿತು. ನೆಲ ಮುಟ್ಟಿದ್ದೇ ತಡ, ಇಷ್ಟು ವರ್ಷದ ವಿದ್ಯೆ ತಾನಾಗಿ ಎಚ್ಚೆತ್ತಿತು. ಮೊಣಕಾಲು ಮಡಿಸಿ, ಗದ್ದ ಮುಂದೆ ಚಾಚಿ, ಮಾಸ್ತರು ನಡೆಯತೊಡಗಿದರು. ಕಲ್ಲಿನಿಂದ ಕಲ್ಲಿಗೆ, ಏರು ಹತ್ತುತ್ತಾ, ಸಂಜೆ ತರಕಾರಿ ತರಲು ಹೋದವರ ಹಾಗೆ. ಬಾಯಲ್ಲಿ ಸೀಟಿ ಇದ್ದುದರಿಂದ ನೀರು ಒಳಗೆ ಹೋಗಲಿಲ್ಲ. ದಿನವೆಲ್ಲ ಊದಿ ಊದಿ ಹಿಗ್ಗಿದ ಎದೆಯಲ್ಲಿ ಉಸಿರಿಗೆ ಬರವೂ ಇರಲಿಲ್ಲ.

ಮಡುವಿನ ಒಂದು ಮಗ್ಗುಲಲ್ಲಿ ತಳ ಇಳಿಜಾರಾಗಿ ಮೇಲೇರಿ ಜಲ್ಲಿಯ ದಡವಾಗಿತ್ತು. ಅಲ್ಲಿ ಮೊದಲು ಮಾಸ್ತರ ಟೋಪಿ ಎದ್ದಿತು, ಆಮೇಲೆ ಸೀಟಿ, ಆಮೇಲೆ ಮಗುವಿನಂತೆ ಎತ್ತಿಕೊಂಡ ಕಲ್ಲು.

ಆಚೆ ದಡದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಈಚೆ ದಡದವರು ಮಾಸ್ತರ ಕಾಲುಗಳನ್ನೇ ನೋಡುತ್ತಿದ್ದರು. ತಿಳಿನೀರು ಒಂದು ಹೆಜ್ಜೆಯನ್ನೂ ಬಚ್ಚಿಟ್ಟಿರಲಿಲ್ಲ.

"ಮಾಸ್ತರೇ," ಎಂದರು ಮಾಲೀಕರು ಕೊನೆಗೆ. "ಕೀ?"

"ಯಾವ ಕೀ?" ಎಂದರು ಮಾಸ್ತರು. ಕಲ್ಲನ್ನು ನೋಡಿದರು, ಮಡುವನ್ನು ನೋಡಿದರು, ತಲೆ ಮೇಲೆ ಕೈ ಹೊತ್ತು ಜಲ್ಲಿಯ ಮೇಲೆ ಕುಸಿದು ಕೂತರು. "ಮರೆತೇಬಿಟ್ಟೆ. ಸಾರ್, ಸೀಟಿ ತಗೊಳ್ಳಿ, ಕೆಲಸದಿಂದ ತೆಗೀರಿ, ಏನು ಬೇಕಾದ್ರೂ ಮಾಡಿ. ನೀವೇ ನೋಡಿದ್ರಲ್ಲ? ನಾನು ಈಜಲಿಲ್ಲ, ನಡೆದೆ. ನನಗೆ ಈಜು ಬರಲ್ಲ. ಯಾವತ್ತೂ ಬರ್ತಿರಲಿಲ್ಲ. ಕೊಳದಲ್ಲೂ ನಡೀತಿದ್ದೆ, ಅಷ್ಟೇ."

ಆಮೇಲೆ ಅಜ್ಜಿ ಬಂದು ಅವರ ಪಕ್ಕದಲ್ಲಿ ಕೂತರು. ಒಂದು ಸಲ ಕೆಮ್ಮಿದರು.

"ನಾನೂ ಅಷ್ಟೇ ಕಣೋ," ಎಂದರು.

"ಏನು ಅಷ್ಟೇ?"

"ನಡೆಯೋದೇ. ನೀನು ಕೈ ತಿರುಗಿಸು, ತಿರುಗಿಸು ಅಂತ ಸೀಟಿ ಊದ್ತಿದ್ದೆ. ನಾನು ಕೈ ತಿರುಗಿಸ್ತಿದ್ದೆ. ಕಾಲು ಎತ್ತಿದ್ರೆ ಮುಳುಗ್ತೀನಿ, ಅದಕ್ಕೇ ಎತ್ತಲೇ ಇಲ್ಲ. ಮೊಮ್ಮಕ್ಕಳು ಚಪ್ಪಾಳೆ ತಟ್ಟಿದ್ರು, ಆಮೇಲೆ ಹೇಗೋ ಹೇಳೋದು?"

"ಅಜ್ಜೀ!" ಎಂದು ಚೀರಿದರು ಡಾಕ್ಟರಮ್ಮ. "ನೀವೂನಾ? ನಿಮ್ಮನ್ನ ನೋಡಿ ನಾಚಿಕೆಯಾಗಿ ನಾನು ರಾತ್ರಿ ನಿದ್ದೆ ಮಾಡ್ತಿರಲಿಲ್ಲ. ಎಲ್ಲರೂ ಈಜ್ತಿದ್ದಾರೆ, ನಾನೊಬ್ಬಳೇ ಕಳ್ಳಿ ಅಂತ!"

"ನನ್ನ ಟೋಪೀನೂ ಹೊಸದರ ಹಾಗೇ ಇದೆ ಮಾಸ್ತರೇ," ಎಂದ ದರ್ಜಿ, ನೆಲ ನೋಡುತ್ತಾ. "ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಅದಕ್ಕೇ ನಿಮ್ಮ ಟೋಪಿ ನೋಡಿ ಅನುಮಾನ ಬಂದಿದ್ದು. ಮೊಣಕಾಲುದ್ದ ನೀರಾದ್ರೆ ಇಲ್ಲೂ ಹೇಗೋ ನಡೆದುಬಿಡಬಹುದು ಅಂತ ಟೇಪು ಇಳಿಬಿಟ್ಟೆ."

ಉಳಿದ ನಾಲ್ಕಾರು ಮಂದಿಯೂ ಒಬ್ಬರ ಹಿಂದೊಬ್ಬರು ತಲೆ ತಗ್ಗಿಸಿದರು. ಇಡೀ ತರಗತಿಯಲ್ಲಿ ಈಜು ಬರುವವರು ಒಬ್ಬರೂ ಇರಲಿಲ್ಲ. ವರ್ಷಾನುಗಟ್ಟಲೆ ಬೆಳಿಗ್ಗೆ ಬೆಳಿಗ್ಗೆ ಎದ್ದು, ಬಿಳಿನೀರಿನಲ್ಲಿ ಒಬ್ಬರಿಗೊಬ್ಬರು ತಿಳಿಯದಂತೆ ಎಲ್ಲರೂ ವಾಕಿಂಗ್ ಮಾಡುತ್ತಿದ್ದರು! ಮೊದಲು ಅಜ್ಜಿ ಕಿಸಕ್ಕೆಂದರು. ಆಮೇಲೆ ಹತ್ತಿಕೊಂಡ ನಗು ಮಾಲೀಕರ ಛತ್ರಿಯವರೆಗೂ ಹೋಯಿತು.

ಮಾಸ್ತರಿಗೆ ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಅಂತೂ ಮುಗಿಯಿತು. ಅವರು ಸೀಟಿಯ ದಾರವನ್ನು ಕುತ್ತಿಗೆಯಿಂದ ತೆಗೆದು ಮಾಲೀಕರ ಕೈಗಿಟ್ಟರು. "ಆ ಪದಕ ಗೆದ್ದವನನ್ನೇ ಕರೆಸಿ ಸಾರ್. ಇವರೆಲ್ಲ ನಿಜವಾಗಿ ಕಲೀಲಿ. ನಾನೂ ಒಂದು ಮೂಲೆಯಲ್ಲಿ ನಿಂತು ಕಲೀತೀನಿ."

"ಅಯ್ಯೋ, ಬೇಡ!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು.

"ಹೊಸಬ ಬಂದ್ರೆ ಮೊದಲ ದಿನವೇ, ಕಾಲು ಎತ್ತಿ ಅಂತಾನೆ," ಎಂದ ದರ್ಜಿ. "ನಮ್ಮ ಕತೆ ಊರಿಗೆಲ್ಲ ಗೊತ್ತಾಗುತ್ತೆ. ನೀವೇ ಇರಬೇಕು ಮಾಸ್ತರೇ."

"ನನ್ನ ಮೊಮ್ಮಕ್ಕಳ ಮುಂದೆ ನಾನು ಸಣ್ಣವಳಾಗೋಕೆ ಬಿಡ್ತೀಯೇನೋ?" ಎಂದರು ಅಜ್ಜಿ.

ಮಾಲೀಕರು ಸೀಟಿಯನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. ಆಮೇಲೆ ದನಿ ತಗ್ಗಿಸಿದರು. "ಕೊಳವನ್ನ ಎದೆಮಟ್ಟಕ್ಕೇ ಯಾಕೆ ಕಟ್ಟಿಸಿದೆ ಅಂತ ಯಾರಾದ್ರೂ ಕೇಳಿದ್ದೀರಾ? ನನಗೂ ಭಯ ಕಣ್ರೀ. ನಾಳೆಯಿಂದ ನಾನೂ ತರಗತಿಗೆ ಸೇರ್ತೀನಿ. ಔಷಧಿಪುಡಿ ಇನ್ನೊಂದು ಹಿಡಿ ಹೆಚ್ಚಾಗೇ ಹಾಕಿಸಿ." ಎಂದವರೇ ಸೀಟಿಯನ್ನು ಮತ್ತೆ ಮಾಸ್ತರ ಕುತ್ತಿಗೆಗೆ ಹಾಕಿದರು. ಹಾರ ಹಾಕಿದಂತಿರಲಿಲ್ಲ, ದನಕ್ಕೆ ಹಗ್ಗ ಹಾಕಿದಂತಿತ್ತು. "ಈಗ ಕೀ."

"ಆಚೆಯವರನ್ನ ಕೇಳೋಣ ಸಾರ್, ಅವರಲ್ಲಿ ಯಾರಿಗಾದ್ರೂ ಈಜು..."

"ಏನಂತ ಕೇಳೋದು? ಈಜು ತರಗತಿಯವರು ನಾವು, ಇಷ್ಟು ಜನ ಇದೀವಿ, ಒಬ್ಬರಿಗೂ ಬರಲ್ಲ ಅಂತಲಾ?"

ಎಲ್ಲರ ಕಣ್ಣೂ ಮತ್ತೆ ಮಾಸ್ತರ ಮೇಲೆ. ಹೊಳೆಯಲ್ಲಿ ನಡೆದು ಅನುಭವವಿದ್ದವರು ಅವರೊಬ್ಬರೇ ತಾನೆ? ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು. ಮಾಸ್ತರು ಕಲ್ಲನ್ನು ಅವಚಿಕೊಂಡು, ಸೀಟಿ ಕಚ್ಚಿ, ಜಲ್ಲಿಯ ದಡದಿಂದ ಹೆಜ್ಜೆಯಿಡುತ್ತಾ ಮತ್ತೆ ಇಳಿದರು. ನಿಜ ಹೇಳಬೇಕೆಂದರೆ, ಅವರನ್ನು ಯಾರೂ ಅಷ್ಟೊಂದು ಒತ್ತಾಯ ಮಾಡಬೇಕಾಗಿರಲಿಲ್ಲ. ಆ ಮೀನುಗಳನ್ನು ಇನ್ನೊಮ್ಮೆ ನೋಡಬೇಕೆಂದು ಅವರಿಗೂ ಒಳಗೊಳಗೇ ಆಸೆಯಾಗಿತ್ತು. ಕೀಯನ್ನು ಸೀಟಿಯ ದಾರಕ್ಕೆ ಸಿಕ್ಕಿಸಿಕೊಂಡು ಹೊರಟವರು, ಒಂದು ಮೀನಿನ ನೆರಳು ತಮ್ಮ ಪಾದ ದಾಟುವವರೆಗೆ ಕಾದು ನಿಂತೇ ಬಂದರಂತೆ. ದಡದಲ್ಲಿದ್ದವರು ಉಸಿರು ಹಿಡಿದು ಹಿಡಿದು ಅವರಿಗಿಂತ ಹೆಚ್ಚು ಸುಸ್ತಾಗಿದ್ದರು.

ಸಂಜೆ ಮನೆ ಬಾಗಿಲಲ್ಲಿ ಹೆಂಡತಿ ಮೊದಲು ಕಲ್ಲನ್ನು ನೋಡಲಿಲ್ಲ. ಗಂಡನ ತಲೆ ನೋಡಿದಳು. ಕೂದಲು ಮುಟ್ಟಿ ನೋಡಿದಳು.

"ಅಯ್ಯೋ, ತಲೆ ಒದ್ದೆಯಾಗಿದೆ! ಏನಾಯ್ತು? ಬಿದ್ರಾ?"

"ಕೂತ್ಕೋ, ನಿನಗೊಂದು ಸತ್ಯ ಹೇಳಬೇಕು. ನನಗೆ ಈಜು ಬರಲ್ಲ ಕಣೇ."

"ಅದು ಗೊತ್ತು. ಬಿದ್ರಾ ಅಂತ ಕೇಳಿದ್ದು."

ಮಾಸ್ತರು ಕಲ್ಲನ್ನು ಕಾಲಿನ ಮೇಲೆ ಹಾಕಿಕೊಳ್ಳುವುದು ಸ್ವಲ್ಪದರಲ್ಲಿ ತಪ್ಪಿತು. "ಗೊತ್ತಾ? ಹೇಗೆ?"

"ಇಷ್ಟು ವರ್ಷ ನಿಮ್ಮ ಟೋಪಿ, ಟವೆಲು ಎತ್ತಿಟ್ಟೋಳು ನಾನಲ್ವಾ? ಒಂದು ದಿನ ತಲೆ ನೆಂದು ಮನೆಗೆ ಬಂದಿದ್ದೀರಾ?"

"ಮತ್ತೆ ಹೊಳೆ ತಳದ ಕಲ್ಲೇ ಬೇಕು, ಮುಳುಗಿ ತನ್ನಿ ಅಂದ್ಯಲ್ಲ!"

"ಆ ದರ್ಜಿ ಟೋಪಿ ತಿರುಗಿಸ್ಕೊಂಡು ನಿಂತಿದ್ನಲ್ಲ? ಅವನ ಬಾಯಿ ಮುಚ್ಚಿಸೋಕೆ ಅಂದೆ. ನೀವು ದಡದಲ್ಲಿ ಯಾವುದೋ ಒಂದು ಎತ್ಕೊಂಡು ಬರ್ತೀರಿ, ನಾನು ಏನೂ ಕೇಳಲ್ಲ ಅಂದ್ಕೊಂಡಿದ್ದೆ. ನಿಜವಾಗಿ ಮುಳುಗ್ತೀರಿ ಅಂತ ಯಾರಿಗೆ ಗೊತ್ತಿತ್ತು?" ಎಂದು ಸೆರಗಿನಿಂದ ಅವರ ತಲೆ ಒರೆಸಿದಳು. ಆಮೇಲೆ ಕಲ್ಲಿನ ಮೇಲೆ ಅಂಗೈಯಾಡಿಸಿದಳು. "ಆದ್ರೂ ಎಷ್ಟು ನುಣ್ಣಗಿದೆ ನೋಡಿ."

ಮಾಸ್ತರು ಅಡುಗೆಮನೆಗೆ ಹೋಗಿ, ಬಾಗಿಲನ್ನು ಪೂರ್ತಿ ತೆರೆದು, ಕಲ್ಲನ್ನು ಅದಕ್ಕೆ ಒತ್ತಿಟ್ಟರು. ಇಬ್ಬರೂ ಕಾದು ನಿಂತರು. ಗಾಳಿ ಬಂತು. ಬಾಗಿಲು ಒಮ್ಮೆ ಕಿರ್ರೆಂದಿತು, ಕಲ್ಲು ಜಗ್ಗಲಿಲ್ಲ. ಹೊಳೆಯ ತಳದಷ್ಟೇ ನಿಶ್ಶಬ್ದ.

ಇಷ್ಟು ಕಾಲ ಅಲ್ಲೇ ತಡೆದು ನಿಲ್ಲುತ್ತಿದ್ದ ಗಾಳಿ ಇವತ್ತು ನೇರ ದಾರಿ ಸಿಕ್ಕ ಖುಷಿಯಲ್ಲಿ ಅಡುಗೆಮನೆ ದಾಟಿತು, ನಡುಮನೆ ದಾಟಿತು.

ಧಡಾರ್!

ಬೀದಿ ಬಾಗಿಲು.

ಹೆಂಡತಿ ಆ ಕಡೆ ನೋಡಿದಳು, ಗಂಡನ ಕಡೆ ನೋಡಿದಳು.

"ಆ ಬಾಗಿಲು ಸ್ವಲ್ಪ ದೊಡ್ಡದು," ಎಂದಳು. "ಕಲ್ಲೂ ಸ್ವಲ್ಪ ದೊಡ್ಡದೇ ಬೇಕಾಗುತ್ತೆ."